ಯಾರಿಗೆ ಹೆಣೆಯುತ್ತೀರಿ, ಯಾರು ಒಗೆಯುತ್ತಾರೆ? ಬೆಳಗಾವಿಯಲ್ಲಿ ಕೂತು ಉಲ್ಲನ್ ಆರಿಸುವ ಬಗೆ

ಬೆಳಗಾವಿಯಲ್ಲಿ ಮಳೆ ಹಿಡಿಯಿತು ಅಂದರೆ ನನಗೆ ಫೋನ್ ಬರೋದು ಶುರುವಾಗುತ್ತದೆ. ‘ಅಕ್ಕಾರ, ಈ ಸಲ ಒಂದು ಸ್ವೆಟರ್ ಹೆಣಿಬೇಕಂತ ಮಾಡೇನಿ. ಯಾವ ಉಲ್ಲನ್ ತರ್ಲಿ?’ ಕೇಳುವವರು ಟಿಳಕವಾಡಿಯ ನನ್ನ ಪಕ್ಕದ ಓಣಿಯವರಿರಬಹುದು, ವಿಜಯಪುರದಲ್ಲಿರುವ ನನ್ನ ತಂಗಿಯ ಗೆಳತಿಯರಿರಬಹುದು. ಪ್ರಶ್ನೆ ಒಂದೇ. ಉತ್ತರ ಮಾತ್ರ ಒಬ್ಬೊಬ್ಬರಿಗೆ ಒಂದೊಂದು.

ಯಾಕೆಂದರೆ ನಮ್ಮ ಈ ಮೂರು ಜಿಲ್ಲೆಗಳ ಹವೆಯೇ ಬೇರೆ ಬೇರೆ. ಬೆಳಗಾವಿ ಊರು ಸಮುದ್ರ ಮಟ್ಟಕ್ಕಿಂತ ಸುಮಾರು 750 ಮೀಟರ್ ಎತ್ತರದಲ್ಲಿದೆ, ಪಶ್ಚಿಮ ಘಟ್ಟ ಮಗ್ಗುಲಲ್ಲೇ ಇದೆ. ಜುಲೈ, ಆಗಸ್ಟ್‌ನಲ್ಲಿ ಜಿಟಿಜಿಟಿ ಮಳೆ, ದಿನಗಟ್ಟಲೆ ಬಿಸಿಲಿಲ್ಲ. ಖಾನಾಪುರದ ಕಡೆ ಹೋದರೆ ಇನ್ನೂ ಜಾಸ್ತಿ. ಅದೇ ವಿಜಯಪುರ, ಬಾಗಲಕೋಟೆ ಬಯಲುಸೀಮೆ. ಒಣ ಗಾಳಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಚಳಿಗಾಲದಲ್ಲಿ ನಸುಕಿಗೆ ನಡುಕ, ಹನ್ನೊಂದು ಗಂಟೆಗೆ ಬೆವರು. ಒಂದೇ ಉಲ್ಲನ್ ಈ ಎರಡೂ ಕಡೆ ಹೇಗೆ ಒಗ್ಗುತ್ತದೆ ಹೇಳಿ?

ಅದಕ್ಕೇ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಅದನ್ನು ಹಾಕಿಕೊಳ್ಳುವವರು ಯಾರು, ಎಲ್ಲಿರುತ್ತಾರೆ? ಅದನ್ನು ಒಗೆಯುವವರು ಯಾರು? ಬಣ್ಣ, ಡಿಸೈನು, ರೊಕ್ಕ ಎಲ್ಲ ಆಮೇಲೆ. ಎರಡನೆಯ ಪ್ರಶ್ನೆಯನ್ನು ಯಾರೂ ಯೋಚಿಸಿರುವುದಿಲ್ಲ. ಆದರೆ ಕೈಯಲ್ಲಿ ಹೆಣೆದ ಸ್ವೆಟರು ಹಾಳಾಗುವುದು ಮೈಮೇಲೆ ಇದ್ದಾಗ ಅಲ್ಲ, ಬಚ್ಚಲಲ್ಲಿ.

ಅಕ್ರಿಲಿಕ್: ನಾವು ಉಲ್ಲನ್ ಅಂತ ಕರೆಯುವುದು ಹೆಚ್ಚಾಗಿ ಇದನ್ನೇ

ಖಡೇ ಬಜಾರಿಗೆ ಹೋಗಿ ‘ಉಲ್ಲನ್ ಕೊಡ್ರಿ’ ಅಂದರೆ ಅಂಗಡಿಯವರು ಮುಂದಿಡುವುದು ಹೆಚ್ಚಾಗಿ ಅಕ್ರಿಲಿಕ್. ಹೆಸರು ಉಲ್ಲನ್, ಒಳಗೆ ಕುರಿಯ ಕೂದಲು ಒಂದೆಳೆಯೂ ಇರುವುದಿಲ್ಲ. ಇದು ಪೆಟ್ರೋಲಿಯಂ ಮೂಲದಿಂದ ಮಾಡಿದ ನೂಲು. ಅಮೆರಿಕದ ಡುಪಾಂಟ್ ಕಂಪನಿ 1950ರ ಹೊತ್ತಿಗೆ ಆರ್ಲಾನ್ ಅನ್ನುವ ಹೆಸರಲ್ಲಿ ಮಾರುಕಟ್ಟೆಗೆ ತಂದ ನೂಲಿನ ಜಾತಿ ಇದು. ಈಗ ನಮ್ಮ ಕಡೆ ಲುಧಿಯಾನದ ವರ್ಧಮಾನ್‌ನಂಥ ಕಂಪನಿಗಳದು ಎಲ್ಲೆಲ್ಲೂ ಸಿಗುತ್ತದೆ.

ಅಕ್ರಿಲಿಕ್ ಅಂದರೆ ಮೂಗು ಮುರಿಯುವವರಿದ್ದಾರೆ. ನಾನು ಆ ಪೈಕಿ ಅಲ್ಲ. ಶಾಲೆಗೆ ಹೋಗುವ ಮಕ್ಕಳಿಗೆ, ಅದೂ ಬೆಳಗಾವಿಯ ಮಳೆಗಾಲಕ್ಕೆ, ಇದಕ್ಕಿಂತ ಒಳ್ಳೆಯದು ಇಲ್ಲ ಅಂತಲೇ ಹೇಳುತ್ತೇನೆ. ನೀರು ಹೀರುವುದಿಲ್ಲ. ಮಷೀನಿಗೆ ಹಾಕಿ ಹಿಂಡಿ ತೆಗೆದು ಪಡಸಾಲೆಯಲ್ಲಿ ಫ್ಯಾನ್ ಕೆಳಗೆ ಹರವಿದರೆ ಬೆಳಗಾಗುವುದರೊಳಗೆ ಒಣಗಿರುತ್ತದೆ. ಹುಳ ತಿನ್ನುವುದಿಲ್ಲ. ಬಣ್ಣ ಬಿಡುವುದು ಕಡಿಮೆ. ಮಗು ವರ್ಷದೊಳಗೆ ಬೆಳೆದುಬಿಡುತ್ತದೆ, ರೊಕ್ಕ ಹೋಯಿತು ಅಂತ ಕೊರಗಬೇಕಿಲ್ಲ. ಹೊಸದಾಗಿ ಕಲಿಯುವವರೂ ಇದರಲ್ಲೇ ಶುರು ಮಾಡಬೇಕು. ಹತ್ತು ಸಲ ಬಿಚ್ಚಿ ಮತ್ತೆ ಹೆಣೆದರೂ ನೂಲು ತಡೆಯುತ್ತದೆ.

ಕೊರತೆಯೂ ಇದೆ. ಬೆವರು ಒಳಗೇ ಉಳಿಯುತ್ತದೆ. ವಿಜಯಪುರದ ನನ್ನ ತಂಗಿ ಮಧ್ಯಾಹ್ನ ಅಕ್ರಿಲಿಕ್ ಸ್ವೆಟರ್ ಹಾಕಿಕೊಂಡರೆ ‘ಅಕ್ಕಾ, ಪ್ಲಾಸ್ಟಿಕ್ ಚೀಲದಾಗ ಕುಂತಂಗ ಆಗತೈತಿ’ ಅನ್ನುತ್ತಾಳೆ. ಒಣ ಹವೆಯಲ್ಲಿ ತಲೆ ಮೇಲಿಂದ ತೆಗೆಯುವಾಗ ಚಟಚಟ ಅನ್ನುತ್ತದೆ, ಕೂದಲು ನಿಮಿರಿ ನಿಲ್ಲುತ್ತದೆ. ಕಂಕುಳಲ್ಲಿ, ಮೊಣಕೈ ಹತ್ತಿರ ಸಣ್ಣ ಸಣ್ಣ ಗುಂಡು ಏಳುತ್ತವೆ. ನೂಲನ್ನು ಗಟ್ಟಿಯಾಗಿ ಹುರಿ ಮಾಡಿದ್ದರೆ ಗುಂಡು ಕಡಿಮೆ. ಅಂಗಡಿಯಲ್ಲೇ ಒಂದು ಎಳೆಯನ್ನು ಬೆರಳ ನಡುವೆ ಹಿಡಿದು ಹತ್ತಿಪ್ಪತ್ತು ಸಲ ತಿಕ್ಕಿ ನೋಡಿ. ಆಗಲೇ ಜುಂಜು ಎದ್ದರೆ ಬೇಡ.

ಇಸ್ತ್ರಿಯ ಮಾತು ಹೇಳಲೇಬೇಕು. ನಾನು ಪರಿಚಯದವರ ಮಗನಿಗೆ ಒಂದು ಬಿಳಿ ಸ್ವೆಟರ್ ಹೆಣೆದುಕೊಟ್ಟಿದ್ದೆ. ಸೊಂಟಕ್ಕೆ, ಮುಂಗೈಗೆ ಎರಡು ಸೀದಾ ಎರಡು ಉಲ್ಟಾ ಪಟ್ಟಿ, ರಬ್ಬರಿನ ಹಾಗೆ ಎಳೆದು ಬಿಟ್ಟರೆ ಕೂಡಿಕೊಳ್ಳುತ್ತಿತ್ತು. ಅವರು ಅದನ್ನು ಬಟ್ಟೆಗಳ ಜೊತೆ ಇಸ್ತ್ರಿಗೆ ಕೊಟ್ಟರು. ವಾಪಸು ಬಂದಾಗ ಪಟ್ಟಿ ಹಪ್ಪಳದ ಹಾಗೆ ಚಪ್ಪಟೆ. ಎಳೆದರೆ ಎಳೆದ ಹಾಗೇ ಉಳಿಯಿತು, ಒಳಗೆ ಸೇರಲಿಲ್ಲ. ಕಾವಿಗೆ ಅಕ್ರಿಲಿಕ್ ಒಮ್ಮೆ ಸತ್ತರೆ ಮತ್ತೆ ಒಗೆದರೂ ಜೀವ ಬರುವುದಿಲ್ಲ. ಈಗ ನಾನು ಯಾರಿಗೆ ಕೊಟ್ಟರೂ ಒಳಗೆ ಒಂದು ಚೀಟಿ ಇಟ್ಟೇ ಕೊಡುತ್ತೇನೆ: ‘ಇಸ್ತ್ರಿ ಬೇಡ’.

ಅಸಲಿಯೋ ಅಲ್ಲವೋ, ಒಂದು ತುಂಡು ಸುಟ್ಟು ನೋಡಿ

‘ಇದು ಪ್ಯೂರ್ ಉಲ್ಲನ್ ಐತ್ರಿ’ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಲೇಬಲ್ ಇದ್ದರೆ ಓದಬಹುದು. ಬಿಡಿ ಲಡಿ ತೂಗಿ ಕೊಟ್ಟರೆ? ಗೇಣುದ್ದ ನೂಲು ಮನೆಗೆ ತನ್ನಿ. ಸ್ಟೀಲ್ ತಟ್ಟೆಯ ಮೇಲೆ ಚಿಮುಟದಲ್ಲಿ ಹಿಡಿದು ತುದಿಗೆ ಬೆಂಕಿ ತಾಗಿಸಿ.

ಕುರಿಯ ಉಣ್ಣೆಯಾದರೆ ನಿಧಾನಕ್ಕೆ ಸುರುಟಿಕೊಳ್ಳುತ್ತದೆ. ಬೆಂಕಿ ದೂರ ತೆಗೆದರೆ ತಾನಾಗೇ ಆರಿಹೋಗುತ್ತದೆ. ತಲೆಗೂದಲು ಸುಟ್ಟ ವಾಸನೆ. ಕರಿ ಬೂದಿ ಬೆರಳಲ್ಲಿ ಹಿಚುಕಿದರೆ ಪುಡಿಪುಡಿ. ಹತ್ತಿಯಾದರೆ ಭರ್ರನೆ ಹೊತ್ತಿಕೊಂಡು ಕಾಗದ ಸುಟ್ಟ ವಾಸನೆ ಬರುತ್ತದೆ, ಮೆತ್ತಗಿನ ಬೂದಿ ಉಳಿಯುತ್ತದೆ. ಅಕ್ರಿಲಿಕ್ ಆದರೆ ಕರಗುತ್ತಾ ಉರಿಯುತ್ತದೆ, ಕಟು ವಾಸನೆ ಬರುತ್ತದೆ, ತುದಿಯಲ್ಲಿ ಕಪ್ಪು ಮಣಿಯಂಥ ಗಟ್ಟಿ ಗಂಟು ಕೂರುತ್ತದೆ. ಆರುವ ತನಕ ಆ ಗಂಟನ್ನು ಮುಟ್ಟಬೇಡಿ, ಬೆರಳಿಗೆ ಅಂಟಿಕೊಂಡು ಸುಡುತ್ತದೆ.

ಆ ಕರಿ ಮಣಿಯನ್ನು ಒಮ್ಮೆ ಕಣ್ಣಾರೆ ನೋಡಿದವರಿಗೆ ಇನ್ನೊಂದು ಮಾತು ಬಿಡಿಸಿ ಹೇಳಬೇಕಿಲ್ಲ. ಅಡುಗೆಮನೆಯ ಮಸಿಬಟ್ಟೆ, ಬಿಸಿ ಪಾತ್ರೆ ಹಿಡಿಯುವ ತುಂಡು, ಪಾತ್ರೆ ಕೆಳಗಿಡುವ ಚಕ್ರ, ಇವನ್ನು ಯಾವತ್ತೂ ಅಕ್ರಿಲಿಕ್‌ನಲ್ಲಿ ಮಾಡಬೇಡಿ.

ಕುರಿಯ ಉಣ್ಣೆ: ಬೆಚ್ಚಗಿನ ರಾಣಿ, ಆದರೆ ಆರೈಕೆ ಬೇಕು

ನಾನು ನನಗಾಗಿ ಹೆಣೆದುಕೊಳ್ಳುವುದು ಮೆರಿನೋದಲ್ಲಿ, ಅಂದರೆ ಮೆರಿನೋ ಜಾತಿಯ ಕುರಿಯ ಮೆತ್ತಗಿನ ಉಣ್ಣೆಯಲ್ಲಿ. ಅಕ್ರಿಲಿಕ್‌ಗೆ ಹೋಲಿಸಿದರೆ ಹಲವು ಪಟ್ಟು ದುಬಾರಿ. ಬೆಳಗಾವಿಯ ಅಂಗಡಿಗಳಲ್ಲಿ ಹುಡುಕಬೇಕು, ಕೆಲವೊಮ್ಮೆ ಆನ್‌ಲೈನ್ ತರಿಸಬೇಕು. ಆದರೂ ಯಾಕೆ ಅಂದರೆ, ಕಡ್ಡಿ ಮೇಲೆ ಅದು ನಡೆಯುವ ರೀತಿಯೇ ಬೇರೆ. ನೂಲಿಗೆ ತನ್ನದೇ ಸ್ಪ್ರಿಂಗ್ ಇದೆ. ನನ್ನ ಕೈ ಒಂದು ಕುಣಿಕೆ ಬಿಗಿ, ಇನ್ನೊಂದು ಸಡಿಲ ಮಾಡಿದರೂ ಮೊದಲ ಸಲ ನೀರಿಗೆ ಹಾಕಿ ತೆಗೆದಾಗ ಎಲ್ಲ ಹೊಂದಿಕೊಂಡು ಕೂರುತ್ತವೆ.

ಉಣ್ಣೆ ತನ್ನ ತೂಕದ ಹೆಚ್ಚುಕಡಿಮೆ ಮೂರನೇ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಹಸಿ ಅನ್ನಿಸುವುದಿಲ್ಲ. ನಮ್ಮ ಮಳೆಗಾಲದ ತಂಪು ಅಂದರೆ ಬರೀ ಥಂಡಿ ಅಲ್ಲ, ಗಾಳಿಯಲ್ಲೇ ನೀರು. ಬೆಳಗ್ಗೆ ವಾಕಿಂಗ್ ಹೋಗಿ ಬರುವಷ್ಟರಲ್ಲಿ ಹತ್ತಿ ಶಾಲು ತೇವಗೊಂಡು ಮೈಗೆ ತಣ್ಣಗೆ ಅಂಟುತ್ತದೆ. ಉಣ್ಣೆಯದು ಬೆಚ್ಚಗೇ ಇರುತ್ತದೆ. ವಯಸ್ಸಾದವರಿಗೆ, ಕೀಲುನೋವಿನವರಿಗೆ ಇದು ದೊಡ್ಡ ಮಾತು.

ಇನ್ನು ತೊಂದರೆ. ಉಣ್ಣೆಯ ಪ್ರತಿ ಎಳೆಯ ಮೇಲೂ ಮೀನಿನ ಹೊಪ್ಪಳಿಕೆಯಂತೆ ಸಣ್ಣ ಪದರಗಳಿರುತ್ತವೆ. ಬಿಸಿನೀರು, ಸಾಬೂನು, ಜೊತೆಗೆ ಕುಲುಕಾಟ ಸೇರಿದರೆ ಆ ಪದರಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿಡುವುದೇ ಇಲ್ಲ.

ನನ್ನ ಅಣ್ಣನ ಮಗನಿಗೆ ಆರು ವರ್ಷ ಇದ್ದಾಗ ಕಡುನೀಲಿ ಮೆರಿನೋದಲ್ಲಿ ಅರ್ಧ ತೋಳಿನ ಸ್ವೆಟರ್ ಹೆಣೆದಿದ್ದೆ. ಎದೆಯ ಮೇಲೆ ಜಡೆ ಡಿಸೈನು. ಹೆಣೆಯಲು ಪೂರಾ ಒಂದೂವರೆ ತಿಂಗಳು ಹಿಡಿದಿತ್ತು. ವೈನಿ ಉಳಿದ ಬಟ್ಟೆಗಳ ಜೊತೆ ಬಿಸಿನೀರಿನ ಮಷೀನಿಗೆ ಹಾಕಿದರು. ಹೊರಗೆ ತೆಗೆದಾಗ ಅದು ತೊಟ್ಟಿಲ ಕೂಸಿಗೆ ಆಗುವಷ್ಟಾಗಿತ್ತು. ಕೈಯಲ್ಲಿ ಹಿಡಿದು ನೋಡಿದೆ. ಜಡೆ ಎಲ್ಲಿತ್ತು ಅಂತ ಹುಡುಕಬೇಕು, ಅಷ್ಟು ಮುಚ್ಚಿಹೋಗಿತ್ತು. ಕುಣಿಕೆಗಳೇ ಕಾಣುತ್ತಿರಲಿಲ್ಲ. ದಪ್ಪ ಕಂಬಳಿ ತುಂಡಿನ ಹಾಗೆ ಆಗಿತ್ತು. ಕತ್ತರಿಸಿದರೂ ಒಂದು ಎಳೆ ಬಿಚ್ಚಲಿಲ್ಲ. ವೈನಿ ಕಣ್ಣಲ್ಲಿ ನೀರು ತಂದುಕೊಂಡರು. ತಪ್ಪು ಅವರದಲ್ಲ, ಹೇಗೆ ಒಗೆಯಬೇಕು ಅಂತ ನಾನು ಹೇಳಿರಲಿಲ್ಲ. ಆ ತುಂಡನ್ನು ಚೌಕಾಕಾರ ಕತ್ತರಿಸಿ ಚಹಾ ಕಿಟ್ಲಿ ಕೆಳಗೆ ಇಡಲು ಮಾಡಿಕೊಂಡೆವು, ಇವತ್ತಿಗೂ ಅವರ ಮನೆಯಲ್ಲಿದೆ.

ಆವತ್ತಿನಿಂದಲೇ ‘ಯಾರು ಒಗೆಯುತ್ತಾರೆ’ ಅನ್ನುವ ಪ್ರಶ್ನೆ ನನ್ನ ಬಾಯಿಗೆ ಬಂದಿದ್ದು. ಮನೆಯಲ್ಲಿ ಎಲ್ಲರ ಬಟ್ಟೆ ಒಟ್ಟಿಗೆ ಮಷೀನಿಗೆ ಬೀಳುತ್ತದೆ ಅಂದರೆ ಅಲ್ಲಿಗೆ ಸಾದಾ ಉಣ್ಣೆ ಕಳಿಸಬೇಡಿ. ‘ಸೂಪರ್‌ವಾಶ್’ ಅಂತ ಲೇಬಲ್ ಇರುವ ಉಣ್ಣೆ ಸಿಗುತ್ತದೆ. ಅದರ ಪದರಗಳನ್ನು ಮೊದಲೇ ನುಣುಪು ಮಾಡಿರುತ್ತಾರೆ, ಹಾಗಾಗಿ ಕುಗ್ಗುವುದಿಲ್ಲ. ಆದರೆ ಒದ್ದೆಯಾದಾಗ ಸ್ವಲ್ಪ ಜೋಲುತ್ತದೆ. ಹೆಣೆಯುವಾಗ ಉದ್ದ ಒಂದೆರಡು ಸಾಲು ಕಡಿಮೆಯೇ ಇಡಿ.

ಒಗೆಯುವ ಕ್ರಮ ಸುಲಭ. ತಣ್ಣೀರು, ಅಂಟವಾಳ ಕಾಯಿ ನೆನೆಸಿ ಕಿವುಚಿದ ನೊರೆ ಅಥವಾ ಉಣ್ಣೆಗೆಂದೇ ಮಾರುವ ಲಿಕ್ವಿಡ್. ಹತ್ತು ನಿಮಿಷ ಮುಳುಗಿಸಿ ಮೆಲ್ಲಗೆ ಒತ್ತಿ. ಉಜ್ಜಬೇಡಿ, ಹಿಂಡಬೇಡಿ. ಒಣ ಟವೆಲ್ ಮೇಲೆ ಹರವಿ ಚಾಪೆ ಸುತ್ತುವ ಹಾಗೆ ಸುತ್ತಿ ಮೊಣಕಾಲಲ್ಲಿ ಒತ್ತಿದರೆ ನೀರೆಲ್ಲ ಟವೆಲ್ಲಿಗೆ ಹೋಗುತ್ತದೆ. ಆಮೇಲೆ ನೆರಳಲ್ಲಿ, ಚಾಪೆಯ ಮೇಲೆ, ಬೇಕಾದ ಅಳತೆಗೆ ಹರವಿ. ಹಗ್ಗಕ್ಕೆ ತೂಗು ಹಾಕಿದರೆ ನೀರಿನ ಭಾರಕ್ಕೆ ತೋಳು ಮೊಣಕಾಲಿಗೆ ಬರುತ್ತದೆ. ಉಣ್ಣೆಯನ್ನು ಪದೇ ಪದೇ ಒಗೆಯಬೇಕಾಗಿಯೂ ಇಲ್ಲ, ಗಾಳಿಗೆ ಹಿಡಿದರೆ ವಾಸನೆ ಹೋಗುತ್ತದೆ.

ಎತ್ತಿಡುವಾಗ ನುಸಿಯ ಭಯ. ಉಣ್ಣೆ ತಿನ್ನುವುದು ಪತಂಗದ ಮರಿಹುಳ. ಬೆವರು, ಎಣ್ಣೆ ಹತ್ತಿದ ಬಟ್ಟೆ ಅದಕ್ಕೆ ಹಬ್ಬ. ಬೇವಿನ ಎಲೆ ನಾನೂ ಇಡುತ್ತೇನೆ. ಆದರೆ ಅದಕ್ಕಿಂತ ಮುಖ್ಯ, ಒಗೆದು ಪೂರಾ ಒಣಗಿಸಿ ಜಿಪ್ ಇರುವ ಚೀಲದಲ್ಲಿ ಇಡುವುದು. ನಮ್ಮ ಬೆಳಗಾವಿಯಲ್ಲಿ ಜುಲೈನಲ್ಲಿ ಎತ್ತಿಡುವ ಸಾಹಸ ಮಾಡಬೇಡಿ. ಎಷ್ಟು ಒಣಗಿದೆ ಅನ್ನಿಸಿದರೂ ಒಳಗೆ ತೇವ ಇರುತ್ತದೆ, ಬೂಸರು ಹಿಡಿಯುತ್ತದೆ. ಹೋಳಿ ಹುಣ್ಣಿಮೆಯ ಬಿಸಿಲಿಗೆ ಆ ಕೆಲಸ ಮುಗಿಸಿ.

ನಮ್ಮ ಕಂಬಳಿಯ ಉಣ್ಣೆ

ಇದರ ಬಗ್ಗೆ ನನಗೆ ತುಸು ಹೆಚ್ಚೇ ಪ್ರೀತಿ. ಬೆಳಗಾವಿ, ಬಾಗಲಕೋಟೆ ಕಡೆ ಕುರುಬರು ಸಾಕುವ ದಖ್ಖನಿ ಕುರಿಯ ಉಣ್ಣೆ ಕಪ್ಪು, ಕಂದು, ಬೂದು. ಬಣ್ಣ ಹಾಕದೇ ಎಷ್ಟು ಛಾಯೆ! ಕೈಯಲ್ಲಿ ನೂತು, ಹುಣಸೆ ಬೀಜದ ಸರಿ ಹಚ್ಚಿ ಮಗ್ಗಕ್ಕೆ ಏರಿಸಿ ಕಂಬಳಿ ಮಾಡುತ್ತಾರೆ. ಮಳೆಯಲ್ಲಿ ಗೊಪ್ಪೆ ಹಾಕಿಕೊಂಡು ಕುರಿ ಹಿಂದೆ ಹೋಗುವವರ ಹೆಗಲ ಮೇಲೆ ಕಾಣುವುದು ಅದೇ.

ಈ ನೂಲಲ್ಲಿ ಸ್ವೆಟರ್ ಹೆಣೆಯಬಹುದಾ ಅಂತ ಕೇಳುತ್ತಾರೆ. ಮೈಗೆ ತಾಗುವ ಬಟ್ಟೆಗೆ ಬೇಡ. ಎಳೆ ಒರಟು, ಚುಚ್ಚುತ್ತದೆ. ಕುತ್ತಿಗೆಗೆ ಹಾಕಿಕೊಂಡರೆ ಐದು ನಿಮಿಷಕ್ಕೆ ಕೆಂಪಾಗುತ್ತದೆ. ಆದರೆ ದೇವರ ಮನೆಯ ಆಸನ, ಗೋಡೆಗೆ ತೂಗುಹಾಕುವ ಚೀಲ, ಬಾಗಿಲ ಮುಂದಿನ ಹಾಸು, ಇವಕ್ಕೆ ಇದರ ಸಮ ಇಲ್ಲ. ದಪ್ಪ ಕಡ್ಡಿ ತೆಗೆದುಕೊಳ್ಳಿ, 6 ಮಿಲಿಮೀಟರಿನದು ಅಥವಾ ಅದಕ್ಕೂ ದಪ್ಪದ್ದು. ಸಡಿಲವಾಗಿ ಹೆಣೆದು, ಬೇಕಂತಲೇ ಬಿಸಿನೀರಲ್ಲಿ ತುಳಿಯಿರಿ. ವೈನಿಯ ಮಷೀನಿನಲ್ಲಿ ಆದದ್ದೇ ಇಲ್ಲೂ ಆಗುತ್ತದೆ. ಇಲ್ಲಿ ನಮಗೆ ಬೇಕಾದದ್ದೂ ಅದೇ.

ಹತ್ತಿ: ವಿಜಯಪುರ, ಬಾಗಲಕೋಟೆಯವರ ಮೊದಲ ಆಯ್ಕೆ

ನನ್ನ ತಂಗಿಗೆ ನಾನು ಈಗ ಹತ್ತಿಯಲ್ಲಿ ಮಾತ್ರ ಹೆಣೆದುಕೊಡುತ್ತೇನೆ. ಗಾಳಿ ಆಡುತ್ತದೆ, ಬೆವರು ಹೀರುತ್ತದೆ, ಚಟಚಟ ಇಲ್ಲ. ಒದ್ದೆಯಾದಾಗ ಹತ್ತಿಯ ಎಳೆ ಇನ್ನೂ ಗಟ್ಟಿಯಾಗುತ್ತದೆ, ಹಾಗಾಗಿ ಒಗೆತಕ್ಕೆ ಹೆದರುವುದಿಲ್ಲ. ವಿಜಯಪುರದ ಬಿಸಿಲಿಗೆ ಎರಡು ತಾಸಲ್ಲಿ ಒಣಗುತ್ತದೆ. ಅದೇ ಸ್ವೆಟರು ಬೆಳಗಾವಿಯ ಆಗಸ್ಟ್‌ನಲ್ಲಿ ಮೂರು ದಿನ ಫ್ಯಾನ್ ಕೆಳಗೆ ಬಿದ್ದಿರುತ್ತದೆ, ಕೊನೆಗೆ ಮುಗ್ಗಲು ವಾಸನೆ ಹಿಡಿಯುತ್ತದೆ. ಇಲ್ಲಿ ಮಳೆಗಾಲಕ್ಕೆ ಹತ್ತಿ ಸ್ವೆಟರ್ ಬೇಡ ಅನ್ನುವುದು ಅದಕ್ಕೇ.

ಹತ್ತಿಗೆ ಸ್ಪ್ರಿಂಗ್ ಇಲ್ಲ, ಮೇಲಾಗಿ ಭಾರ. ತಂಗಿಗೆ ಮೊದಲು ಮಾಡಿಕೊಟ್ಟ ಉದ್ದ ಜಾಕೀಟು ಒಂದು ಚಳಿಗಾಲ ಮುಗಿಯುವುದರೊಳಗೆ ನಾಲ್ಕು ಬೆರಳು ಕೆಳಗಿಳಿದಿತ್ತು. ಮುಂಗೈ ಪಟ್ಟಿ ಸಡಿಲಾಗಿ ಪಾತ್ರೆ ತೊಳೆಯುವಾಗ ಜಾರುತ್ತಿತ್ತು. ಎರಡನೆಯದಕ್ಕೆ ತೆಳು ನೂಲು ತೆಗೆದುಕೊಂಡೆ. ಲೇಬಲ್ ಹೇಳಿದ್ದಕ್ಕಿಂತ ಒಂದು ಅಳತೆ ಸಣ್ಣ ಕಡ್ಡಿ. ಜಡೆ ಡಿಸೈನು ಬಿಟ್ಟು ಸಾದಾ ಹೆಣಿಗೆ, ಯಾಕೆಂದರೆ ಜಡೆಗೆ ನೂಲು ಜಾಸ್ತಿ ಹೋಗುತ್ತದೆ, ಭಾರವೂ ಜಾಸ್ತಿ. ಸುತ್ತು ಹೆಣೆಯದೆ ಹಿಂದೆ ಮುಂದೆ ಬೇರೆ ಬೇರೆ ಹೆಣೆದು ಮಗ್ಗುಲಲ್ಲಿ ಹೊಲಿದೆ. ಆ ಹೊಲಿಗೆಯೇ ಬೆನ್ನೆಲುಬಿನ ಹಾಗೆ ಹಿಡಿದುಕೊಳ್ಳುತ್ತದೆ. ಎರಡು ವರ್ಷವಾಯಿತು, ಇಳಿದಿಲ್ಲ.

ನಮ್ಮದು ನೇಕಾರರ ನಾಡು. ಗುಳೇದಗುಡ್ಡದ ಖಣ, ಇಳಕಲ್ ಸೀರೆ, ರಬಕವಿ-ಬನಹಟ್ಟಿ, ನಮ್ಮ ಊರಲ್ಲೇ ಶಹಾಪುರ, ವಡಗಾವಿ. ‘ಮಗ್ಗದ ನೂಲು ಇಲ್ಲೇ ಸಿಗತೈತಲ್ಲ, ಅದರಾಗ ಹೆಣಿಬಹುದಾ?’ ಅನ್ನುವವರಿಗೆ ನನ್ನ ಉತ್ತರ, ಹೆಣೆಯಬಹುದು, ತಾಳ್ಮೆ ಬೇಕು. ಮಗ್ಗದ ನೂಲು ತೀರಾ ತೆಳು, ನಾಲ್ಕಾರು ಎಳೆ ಕೂಡಿಸಿಕೊಳ್ಳಬೇಕು. ಎಳೆಗಳ ನಡುವೆ ಹುರಿ ಇಲ್ಲದ್ದರಿಂದ ಕಡ್ಡಿಯ ತುದಿ ಒಂದೆರಡು ಎಳೆ ಬಿಟ್ಟು ಹೋಗುತ್ತಿರುತ್ತದೆ. ಬಣ್ಣದ್ದಾದರೆ ಒಂದು ತುಂಡನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ ರಾತ್ರಿ ಇಡಿ. ಬೆಳಗ್ಗೆ ಬಟ್ಟೆಗೆ ಬಣ್ಣ ಹತ್ತಿದ್ದರೆ ಬಿಳಿಯ ಜೊತೆ ಕೂಡಿಸಬೇಡಿ.

ಬಾಣಂತಿ ಮನೆಗೆ

ಹೆಣೆಯುವವರಿಗೆ ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಬರುವುದು ಇಲ್ಲಿಂದ. ತೊಟ್ಟಿಲಿಗೆ ಹಾಕುವ ದಿನ ಖಣದ ಕುಂಚಿಗೆ ಇದ್ದೇ ಇರುತ್ತದೆ. ಅದರ ಜೊತೆಗೆ ಉಲ್ಲನ್ ಟೋಪಿ, ಕಾಲುಚೀಲ, ಸ್ವೆಟರಿನ ಸೆಟ್ ಬೇಕು ಅನ್ನುತ್ತಾರೆ.

ಅಂಗಡಿಯಲ್ಲಿ ‘ಬೇಬಿ ಉಲ್ಲನ್’ ಅಂತ ಮಾರುವುದು ಹೆಚ್ಚಾಗಿ ಮೆತ್ತಗಿನ ಅಕ್ರಿಲಿಕ್. ಚುಚ್ಚುವುದಿಲ್ಲ, ನಿಜ. ಆದರೆ ನಮ್ಮ ಕಡೆ ಕೂಸಿಗೆ ನೀರು ಹಾಕಿದ ಮೇಲೆ ಕೆಂಡದ ಮೇಲೆ ಲೋಬಾನ ಹಾಕಿ ಹೊಗೆ ಕೊಡುತ್ತಾರೆ. ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡುವ ಮನೆಗಳು ಈಗಲೂ ಇವೆ. ಸುಟ್ಟು ನೋಡಿದಾಗ ಕಂಡ ಆ ಕರಿ ಮಣಿ ನೆನಪಿಸಿಕೊಳ್ಳಿ. ಕಿಡಿ ಹಾರಿದರೆ ಅಕ್ರಿಲಿಕ್ ಕರಗಿ ಚರ್ಮಕ್ಕೇ ಅಂಟುತ್ತದೆ. ಹತ್ತಿಯೂ ಹೊತ್ತುತ್ತದೆ, ಬೆಂಕಿಯ ಹತ್ತಿರ ಯಾವುದೂ ಪೂರ್ತಿ ಸುರಕ್ಷಿತ ಅಲ್ಲ. ಕೆಂಡ ಇರುವ ಕೋಣೆಯಲ್ಲಿ ಕೂಸಿಗೆ ಅಕ್ರಿಲಿಕ್ ಮಾತ್ರ ಬೇಡವೇ ಬೇಡ ಅಂತ ನಾನು ಕೈ ಹಿಡಿದು ಹೇಳುತ್ತೇನೆ.

ಹಾಗಾಗಿ ವಿಜಯಪುರ, ಬಾಗಲಕೋಟೆಯ ಕೂಸಿಗೆ ಮೆತ್ತಗಿನ ಹತ್ತಿ. ಬೆಳಗಾವಿಯ ಮಳೆಗಾಲದ ಕೂಸಿಗೆ ಸೂಪರ್‌ವಾಶ್ ಮೆರಿನೋ, ರೊಕ್ಕ ಕಡಿಮೆ ಇದ್ದರೆ ಹತ್ತಿಯದೇ ಎರಡು ಜೊತೆ. ಸಣ್ಣ ಸೆಟ್ಟಿಗೆ 150 ಗ್ರಾಂ ಸಾಕಾಗುತ್ತದೆ, ಅಷ್ಟಕ್ಕೆ ದುಬಾರಿ ನೂಲೂ ಭಾರವಾಗುವುದಿಲ್ಲ. ತೂತು ತೂತಿನ ಡಿಸೈನು ಎಷ್ಟು ಚೆಂದ ಇದ್ದರೂ ಬೇಡ, ಕೂಸಿನ ಬೆರಳು ಸಿಕ್ಕಿಕೊಳ್ಳುತ್ತದೆ. ಕೊರಳಿಗೆ ದಾರ, ರಿಬ್ಬನ್ ಬೇಡ. ಜುಂಜು ಉದುರುವ ನೂಲು ಬೇಡ. ಕೆನ್ನೆಯ ಮೇಲೆ ಒರೆಸಿ ನೋಡಿ, ಅಂಗೈಗೆ ಮೆತ್ತಗೆ ಅನ್ನಿಸಿದ್ದು ಕೆನ್ನೆಗೆ ಚುಚ್ಚಬಹುದು.

ಅಜ್ಜ ಅಜ್ಜಿಗೆ? ಹಗುರ ಇರಬೇಕು, ಮುಂದೆ ಗುಂಡಿ ಇರಬೇಕು. ತಲೆ ಮೇಲಿಂದ ಎಳೆದುಕೊಳ್ಳಲು ಅವರಿಗೆ ಕೈ ಏಳುವುದಿಲ್ಲ. ಅರ್ಧ ಉಣ್ಣೆ ಅರ್ಧ ಅಕ್ರಿಲಿಕ್ ಕೂಡಿಸಿದ ನೂಲು ಇವರಿಗೆ ಚೆನ್ನಾಗಿ ಹೊಂದುತ್ತದೆ, ಬೆಚ್ಚಗೂ ಇದೆ, ಒಗೆಯುವ ಗೋಳೂ ಕಡಿಮೆ. ಮಿಶ್ರ ನೂಲಿನ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಲೇಬಲ್ಲಿನಲ್ಲಿ ಉಣ್ಣೆ ಹತ್ತು, ಇಪ್ಪತ್ತು ಪರ್ಸೆಂಟ್ ಅಂತ ಇದ್ದರೆ ಅದನ್ನು ಅಕ್ರಿಲಿಕ್ ಅಂತಲೇ ತಿಳಿದು ರೊಕ್ಕ ಕೊಡಿ.

ಕಡ್ಡಿ

ಇಲ್ಲಿ ಎಲ್ಲರೂ ಎಡವುವ ಜಾಗ ಒಂದೇ: ನಂಬರು. ನಮ್ಮ ಅಂಗಡಿಗಳಲ್ಲಿ ನಡೆಯುವುದು ಹಳೇ ಬ್ರಿಟಿಷ್ ನಂಬರು. ಅದರಲ್ಲಿ ನಂಬರು ದೊಡ್ಡದಾದಷ್ಟೂ ಕಡ್ಡಿ ತೆಳು. 8 ನಂಬರ್ ಅಂದರೆ 4 ಮಿಲಿಮೀಟರ್, 10 ನಂಬರ್ ಅಂದರೆ 3.25, 12 ನಂಬರ್ ಅಂದರೆ 2.75. ಅಮೆರಿಕದ ಲೆಕ್ಕ ಉಲ್ಟಾ, ಅಲ್ಲಿ 8 ನಂಬರ್ ಅಂದರೆ 5 ಮಿಲಿಮೀಟರ್. ಯೂಟ್ಯೂಬ್ ನೋಡಿ ಹೆಣೆಯುವವರು ಅಲ್ಲಿ 8 ಅಂದರು ಅಂತ ಇಲ್ಲಿಂದ 8 ತಂದರೆ ಸ್ವೆಟರು ಎರಡು ಸೈಜು ಚಿಕ್ಕದಾಗುತ್ತದೆ. ನಂಬರು ಮರೆತುಬಿಡಿ, ಮಿಲಿಮೀಟರ್ ಕೇಳಿ.

ಅಲ್ಯೂಮಿನಿಯಂ ಕಡ್ಡಿ ಅಗ್ಗ, ಪೋನಿ ಕಂಪನಿಯದು ಸುಲಭಕ್ಕೆ ಸಿಗುತ್ತದೆ, ನೂಲು ಸರಸರ ಜಾರುತ್ತದೆ. ಅಕ್ರಿಲಿಕ್‌ಗೆ, ಹತ್ತಿಗೆ ಚೆನ್ನ. ಕಲಿಯುವವರ ಕೈಯಲ್ಲಿ ಕುಣಿಕೆ ಜಾರಿ ಬೀಳುವುದೂ ಇದರಲ್ಲೇ ಜಾಸ್ತಿ. ಅವರಿಗೆ ಬಿದಿರಿನ ಕಡ್ಡಿ ಒಳ್ಳೆಯದು, ಸ್ವಲ್ಪ ಹಿಡಿದುಕೊಳ್ಳುತ್ತದೆ, ಥಂಡಿಯಲ್ಲಿ ಬೆರಳಿಗೆ ತಣ್ಣಗೂ ಅನ್ನಿಸುವುದಿಲ್ಲ. ನನ್ನ ಮನಸ್ಸು ಗೆದ್ದದ್ದು ಮಾತ್ರ ಸರ್ಕ್ಯುಲರ್, ಅಂದರೆ ಎರಡು ಗಿಡ್ಡ ಕಡ್ಡಿ, ನಡುವೆ ಮೆತ್ತಗಿನ ವೈರು. ಜೈಪುರದ ನಿಟ್‌ಪ್ರೊ ಕಂಪನಿಯ ಕಟ್ಟಿಗೆಯ ಜೊತೆ ನನ್ನ ಹತ್ತಿರ ಹಲವು ವರ್ಷದಿಂದ ಇದೆ. ಬೆಳಗಾವಿಯಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಐದು ತಾಸು. ಉದ್ದ ಕಡ್ಡಿಯಾದರೆ ಪಕ್ಕದವರ ಪಕ್ಕೆಗೆ ತಿವಿಯುತ್ತದೆ. ಸರ್ಕ್ಯುಲರ್ ಆದರೆ ಕೆಲಸ ಮಡಿಲಲ್ಲೇ ಇರುತ್ತದೆ, ಸ್ವೆಟರಿನ ಭಾರವೂ ಮಣಿಕಟ್ಟಿಗೆ ಬೀಳದೆ ತೊಡೆಯ ಮೇಲೆ ಕೂರುತ್ತದೆ. ಸಂಜೆಗೆ ಕೈ ನೋಯುವವರು ಒಮ್ಮೆ ಇದನ್ನು ಹಿಡಿದು ನೋಡಿ.

ಯಾವ ನೂಲು, ಯಾವ ಕಡ್ಡಿ ಆದರೂ ಅಂಗೈಗಿಂತ ತುಸು ದೊಡ್ಡ ತುಂಡು ಹೆಣೆದು, ಒಗೆದು, ಒಣಗಿಸಿ ಅಳೆಯಿರಿ. ಇದೊಂದು ತುಂಡಿಗೆ ಎಲ್ಲರಿಗೂ ಬೇಸರ. ಲೆಕ್ಕ ನೋಡಿ. 8 ಪ್ಲೈ ನೂಲಿಗೆ, ಅಂದರೆ ಮಧ್ಯಮ ದಪ್ಪದ ನೂಲಿಗೆ, 4 ಮಿಲಿಮೀಟರ್ ಕಡ್ಡಿಯಲ್ಲಿ ಸಾಮಾನ್ಯವಾಗಿ 10 ಸೆಂಟಿಮೀಟರಿಗೆ 22 ಕುಣಿಕೆ ಬರಬೇಕು. ಸುತ್ತಳತೆ 90 ಸೆಂಟಿಮೀಟರ್ ಬೇಕು ಅಂತ ನೀವು 198 ಕುಣಿಕೆ ಹಾಕಿದಿರಿ. ನಿಮ್ಮ ಕೈ ಸಡಿಲ, 22ರ ಬದಲು 20 ಬಂದಿದೆ. ಸ್ವೆಟರು 99 ಸೆಂಟಿಮೀಟರ್ ಆಯಿತು. ಎರಡೇ ಎರಡು ಕುಣಿಕೆಯ ವ್ಯತ್ಯಾಸಕ್ಕೆ ಒಂದು ಗೇಣಿನ ಅರ್ಧದಷ್ಟು ಬಟ್ಟೆ ಹೆಚ್ಚಾಯಿತು.

ಅಂಗಡಿಯೋ ಆನ್‌ಲೈನೋ

ಅಕ್ರಿಲಿಕ್, ಹತ್ತಿಗೆ ಅಂಗಡಿ. ಮುಟ್ಟಿ ನೋಡಬಹುದು, ಬಾಗಿಲ ಬೆಳಕಿಗೆ ಹಿಡಿದು ಬಣ್ಣ ನೋಡಬಹುದು. ಮೊಬೈಲಿನಲ್ಲಿ ಕಂಡ ಅರಿಶಿನ ಬಣ್ಣ ಮನೆಗೆ ಬಂದಾಗ ನಿಂಬೆ ಹಳದಿ ಆಗಿರುತ್ತದೆ. ಮೆರಿನೋ, ಒಳ್ಳೆಯ ಕಡ್ಡಿಗೆ ಆನ್‌ಲೈನ್ ಹೋಗಲೇಬೇಕಾಗುತ್ತದೆ.

ಎಲ್ಲಿ ಕೊಂಡರೂ ಲೇಬಲ್ ಮೇಲಿನ ಲಾಟ್ ನಂಬರ್ ನೋಡಿ. ಬಣ್ಣದ ನಂಬರ್ ಬೇರೆ, ಲಾಟ್ ನಂಬರ್ ಬೇರೆ. ಒಂದೇ ಬಣ್ಣವಾದರೂ ಬೇರೆ ಬೇರೆ ಸಲ ಅದ್ದಿದ ನೂಲಲ್ಲಿ ತುಸು ಛಾಯೆ ಬೇರೆ ಬರುತ್ತದೆ. ಉಂಡೆಗಳನ್ನು ಪಕ್ಕ ಪಕ್ಕ ಇಟ್ಟರೆ ಕಾಣುವುದಿಲ್ಲ, ಹೆಣೆದು ಮುಗಿಸಿ ಹಗಲು ಬೆಳಕಲ್ಲಿ ಹಿಡಿದಾಗ ಎದೆಯ ಮೇಲೆ ಗೆರೆ ಎಳೆದಂತೆ ಕಾಣುತ್ತದೆ. ಹೆಂಗಸರ ಪೂರ್ತಿ ತೋಳಿನ ಸ್ವೆಟರಿಗೆ 8 ಪ್ಲೈ ನೂಲು ಸುಮಾರು 400ರಿಂದ 500 ಗ್ರಾಂ, ಗಂಡಸರದಕ್ಕೆ 500ರಿಂದ 600 ಗ್ರಾಂ ಹಿಡಿಯುತ್ತದೆ. ಹತ್ತಿಯಾದರೆ ಇನ್ನೂ ಹೆಚ್ಚು. ಅದರ ಮೇಲೆ ಒಂದು ಉಂಡೆ ಹೆಚ್ಚೇ ತನ್ನಿ. ಲೇಬಲ್ ಹರಿಯದೆ, ಮಡಚದೆ ಇದ್ದರೆ ಉಳಿದ ಉಂಡೆಯನ್ನು ವಾಪಸ್ ತಗೋತೀರಾ ಅಂತ ಕೊಳ್ಳುವಾಗಲೇ ಕೇಳಿ. ನಾನು ಹೋಗುವ ಅಂಗಡಿಯವರು ತಗೋತಾರೆ. ವಾಪಸ್ ಕೊಡದಿದ್ದರೂ ನಷ್ಟವಿಲ್ಲ, ಒಂದು ಉಂಡೆಯಲ್ಲಿ ಒಂದು ಟೋಪಿ ಆಗುತ್ತದೆ.